ಕ್ಯಾಸೆಟ್ಟಿಂದ ಲ್ಯಾಪ್‌ಟಾಪಿಗೆ: ಮಾವನ ಎರಡನೇ ಇನ್ನಿಂಗ್ಸ್

ಮನೇಲೇ ಹಾಡು ರೆಕಾರ್ಡ್ ಮಾಡೋದು ಅಂದ್ರೆ ನಮ್ಮ ಕ್ಯಾಂಪಸ್ಸಲ್ಲಿ ಎಲ್ಲರಿಗೂ ಕಣ್ಣಮುಂದೆ ಬರೋದು ಒಂದೇ ಚಿತ್ರ. ಹಾಸ್ಟೆಲ್ ರೂಮು, ಒಂದು ಯುಎಸ್‌ಬಿ ಮೈಕು, ಫ್ಯಾನ್ ಆಫ್ ಮಾಡಿಕೊಂಡು ಬೆವರುತ್ತಾ ಕವರ್ ಸಾಂಗ್ ಹಾಡುವ ರೂಮ್‌ಮೇಟ್. ಆದರೆ ಈ ಹುಚ್ಚು ನಮ್ಮಿಂದ ಶುರುವಾದದ್ದಲ್ಲ. 1979ರಲ್ಲೇ ಜಪಾನಿನ ಟಿಯಾಕ್ ಕಂಪನಿ ಟ್ಯಾಸ್ಕಾಂ ಹೆಸರಲ್ಲಿ ಪೋರ್ಟಾಸ್ಟುಡಿಯೋ 144 ಅನ್ನೋ ಯಂತ್ರ ತಂದಿತ್ತು. ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಿತ್ತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಕೂತು ಅದರಲ್ಲಿ ರೆಕಾರ್ಡ್ ಮಾಡಿದ ಹಾಡುಗಳೇ 1982ರಲ್ಲಿ 'ನೆಬ್ರಾಸ್ಕಾ' ಅನ್ನೋ ಆಲ್ಬಂ ಆಗಿ ಹೊರಗೆ ಬಂತು.

ನಮ್ಮ ಕಡೆ ಅಷ್ಟೆಲ್ಲ ಎಲ್ಲಿತ್ತು? ಮಧ್ಯಮವರ್ಗದ ಮನೆಗೆ ಬಂದಿದ್ದು ಟೂ-ಇನ್-ಒನ್. ನನ್ನ ಸೋದರಮಾವ ಇಬ್ಬರು ಗೆಳೆಯರ ಟೂ-ಇನ್-ಒನ್‌ಗಳನ್ನು ಎದುರುಬದುರು ಇಡುತ್ತಿದ್ದರಂತೆ. ಒಂದರಲ್ಲಿ ಮೊದಲು ನುಡಿಸಿದ ಹಾರ್ಮೋನಿಯಂ ಪ್ಲೇ ಆಗ್ತಾ ಇರುತ್ತೆ, ಅದರ ಜೊತೆ ಇವರು ಹಾಡ್ತಾರೆ, ಎರಡೂ ಸೇರಿ ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತೆ. ಮತ್ತೊಂದು ಪದರ ಬೇಕಾದ್ರೆ ಕ್ಯಾಸೆಟ್ ಅದಲುಬದಲು. ಪ್ರತಿ ಸಲವೂ ಟೇಪಿನ 'ಸ್‌ಸ್‌ಸ್' ಸದ್ದು ಇನ್ನಷ್ಟು ಸೇರಿಕೊಳ್ಳುತ್ತೆ. ಮೂರನೇ ಪದರದ ಹೊತ್ತಿಗೆ ಮಳೆಯಲ್ಲಿ ಹಾಡಿದ ಹಾಗಿರ್ತಿತ್ತು ಅಂತ ಅವರೇ ಹೇಳ್ತಾರೆ. ಆಮೇಲೆ ಬ್ಯಾಂಕಿನ ಕೆಲಸ, ವರ್ಗಾವಣೆ, ಮಕ್ಕಳು. ಹಾರ್ಮೋನಿಯಂ ಅಟ್ಟ ಸೇರಿತು.

ಕಳೆದ ವರ್ಷ ರಿಟೈರ್ ಆದ ಮೇಲೆ ಅದು ಕೆಳಗಿಳಿದಿದೆ. ಒಂದು ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಮಗಳ ಹಳೇ ಲ್ಯಾಪ್‌ಟಾಪು. ಹೀಗೆ 60 ದಾಟಿದ ಮೇಲೆ ಈ ಹವ್ಯಾಸಕ್ಕೆ ವಾಪಸ್ ಬರೋರಿಗೆ ಎದುರಾಗುವ ಪ್ರಶ್ನೆಗಳನ್ನು ನೋಡಿದ್ರೆ ಆಶ್ಚರ್ಯ ಆಗುತ್ತೆ, ಮುಕ್ಕಾಲು ಪಾಲು ನಮ್ಮ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಸಿಲಬಸ್ಸಿನಲ್ಲೇ ಇವೆ. ಈ ಲೇಖನ ಅದರ ಬಗ್ಗೆ. ಯೂನಿಟ್ ಟೆಸ್ಟಿಗೆ ಉಪಯೋಗಕ್ಕೆ ಬಂದರೆ ಬೋನಸ್.

ಕೆಂಪಿಗೆ ತಾಗಿಸೋ ಅಭ್ಯಾಸ

ಕ್ಯಾಸೆಟ್ ಕಾಲದವರ ಕೈ ತನ್ನಿಂತಾನೇ ಮಾಡುವ ಕೆಲಸ ಒಂದಿದೆ: ಮೀಟರಿನ ಮುಳ್ಳು ಕೆಂಪಿಗೆ ಆಗಾಗ ತಾಗುವಷ್ಟು ಲೆವೆಲ್ ಏರಿಸೋದು. ಅವರ ಕಾಲಕ್ಕೆ ಅದು ಸರಿಯೇ. ಡಾಲ್ಬಿ ಇಲ್ಲದ ಕ್ಯಾಸೆಟ್ಟಿನಲ್ಲಿ ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅಂತರ ಸುಮಾರು 50 ಡೆಸಿಬೆಲ್. ಮೆತ್ತಗೆ ರೆಕಾರ್ಡ್ ಮಾಡಿದ್ರೆ ಹಾಡು ಆ ಸದ್ದಿನಲ್ಲಿ ಮುಳುಗಿ ಹೋಗುತ್ತೆ. ಲೆವೆಲ್ ಸ್ವಲ್ಪ ಹೆಚ್ಚಾದರೂ ಟೇಪು ಸಿಟ್ಟಾಗಲ್ಲ. ಅದರ ಕಾಂತೀಯ ಕಣಗಳು ನಿಧಾನಕ್ಕೆ ಸ್ಯಾಚುರೇಟ್ ಆಗ್ತವೆ, ತರಂಗದ ತುದಿ ದುಂಡಗಾಗುತ್ತೆ, ಕಿವಿಗೆ ಅದು ಹಿತವಾಗಿಯೇ ಕೇಳುತ್ತೆ.

ಡಿಜಿಟಲ್‌ನಲ್ಲಿ ಈ ಮೆತ್ತಗಿನ ಗೋಡೆ ಇಲ್ಲ. ಮೇಲಿನ ಮಿತಿ 0 ಡೆಸಿಬೆಲ್, ಅದನ್ನು ದಾಟಿದ್ದೆಲ್ಲ ಕತ್ತರಿಯಿಂದ ಕತ್ತರಿಸಿದಂತೆ ಚಪ್ಪಟೆ. ಸರಿ, ಹಾಗಿದ್ರೆ ಎಷ್ಟು ಕೆಳಗೆ ಇಟ್ಟುಕೊಳ್ಳಬಹುದು? ಲೆಕ್ಕ ಹಾಕೋಣ. N ಬಿಟ್‌ನ ಕನ್ವರ್ಟರ್ ಕೊಡಬಲ್ಲ ಅಂತರ 6.02 ಗುಣಿಸು ಬಿಟ್‌ಗಳ ಸಂಖ್ಯೆ, ಕೂಡಿಸು 1.76. ಹದಿನಾರು ಬಿಟ್‌ಗೆ 98, ಇಪ್ಪತ್ನಾಲ್ಕಕ್ಕೆ 146 ಡೆಸಿಬೆಲ್. ಎರಡನೆಯದು ಪುಸ್ತಕದ ಮಾತು, ನಿಜವಾದ ಸರ್ಕ್ಯೂಟಿನ ನಾಯ್ಸ್ ಅಷ್ಟು ಕೆಳಗೆ ಹೋಗೋಕೆ ಬಿಡಲ್ಲ. 110 ಅಂತಲೇ ಇಟ್ಟುಕೊಳ್ಳಿ. ಸರಾಸರಿ ಲೆವೆಲ್ ಅನ್ನು 18 ಡೆಸಿಬೆಲ್ ಕೆಳಗೆ ಇಟ್ಟರೂ ಇನ್ನೂ 92 ಉಳಿಯುತ್ತೆ. ಕ್ಯಾಸೆಟ್ಟಿಗಿಂತ 40 ಹೆಚ್ಚು! ಮನೆಯ ಫ್ರಿಜ್ಜು, ಪಕ್ಕದ ಬೀದಿಯ ಆಟೋ, ಇವೇ ಅದಕ್ಕಿಂತ ಜೋರಾಗಿರ್ತವೆ. ಹಾಗಾಗಿ ಮುಳ್ಳು ಹಸಿರಿನಲ್ಲೇ ಆರಾಮಾಗಿ ಓಡಾಡಲಿ. ಮಾವನಿಗೆ ಇದು ತಲೆಗೆ ಬೇಗ ಹತ್ತಿತು, ಕೈಗೆ ಹತ್ತೋಕೆ ಒಂದು ತಿಂಗಳು ಬೇಕಾಯ್ತು.

"ನನಗೆ ವಯಸ್ಸಾಯ್ತೇನೋ?"

ಹೆಡ್‌ಫೋನ್ ಹಾಕಿಕೊಂಡು ಹಾರ್ಮೋನಿಯಂ ನುಡಿಸುವಾಗ ಮಾವ ಕೇಳಿದ ಪ್ರಶ್ನೆ ಇದು. ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬರ್ತಿದೆ, ಬೆರಳು ಕಿವಿ ಒಂದಕ್ಕೊಂದು ಸೇರ್ತಿಲ್ಲ, ಇದು ವಯಸ್ಸಿನ ತೊಂದರೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ವಯಸ್ಸಿನದ್ದಲ್ಲ, ಬಫರಿನದ್ದು.

ಟೇಪಿನಲ್ಲಿ ತಂತಿಯೊಳಗೆ ಹೋದದ್ದು ಅದೇ ಕ್ಷಣ ಹೆಡ್‌ಫೋನಿಗೆ ಬರುತ್ತಿತ್ತು. ಕಂಪ್ಯೂಟರ್ ಹಾಗಲ್ಲ, ಬಕೆಟ್ ತುಂಬೋವರೆಗೂ ಕಾಯುತ್ತೆ. ಬಫರ್ ಗಾತ್ರ 1024 ಸ್ಯಾಂಪಲ್, ಸ್ಯಾಂಪಲ್ ರೇಟು ಸೆಕೆಂಡಿಗೆ 48,000 ಆದರೆ ಒಂದು ಬಕೆಟ್ ತುಂಬಲು 21.3 ಮಿಲಿಸೆಕೆಂಡ್. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ಒಟ್ಟು ಸುಮಾರು 43. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತೆ ಅಂದ್ರೆ, ನಿಮ್ಮದೇ ಹಾರ್ಮೋನಿಯಂ ಸುಮಾರು 15 ಮೀಟರ್ ದೂರದಲ್ಲಿ, ಮದುವೆ ಛತ್ರದ ಆ ತುದಿಯಲ್ಲಿ ಇಟ್ಟು ಈ ತುದಿಯಿಂದ ನುಡಿಸಿದ ಹಾಗೆ. ಯಾರ ಬೆರಳಾದರೂ ತಡವರಿಸುತ್ತೆ.

ಬಫರ್ 128ಕ್ಕೆ ಇಳಿಸಿದ್ರೆ ಎರಡೂ ಸೇರಿ 5.3 ಮಿಲಿಸೆಕೆಂಡ್, ಎರಡು ಮೀಟರಿಗೂ ಕಡಿಮೆ. ಆದರೆ ಹಳೇ ಲ್ಯಾಪ್‌ಟಾಪು ಇಷ್ಟು ಸಣ್ಣ ಬಕೆಟ್‌ಗಳನ್ನು ಹೊತ್ತು ಹಾಕೋಕೆ ಒದ್ದಾಡಿ ಟಿಕ್ ಟಿಕ್ ಸದ್ದು ಮಾಡುತ್ತೆ. ಇಂಟರ್‌ಫೇಸಿನ ಮೇಲೆ 'ಡೈರೆಕ್ಟ್ ಮಾನಿಟರ್' ಅಂತ ಒಂದು ಬಟನ್ ಇರುತ್ತೆ ನೋಡಿ, ಅದನ್ನ ಒತ್ತಿ. ಮೈಕಿನ ಸಿಗ್ನಲ್ ಕಂಪ್ಯೂಟರಿಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನಿಗೆ ಸಿಗುತ್ತೆ. ಆಮೇಲೆ ಮಿಕ್ಸಿಂಗ್ ಮಾಡುವಾಗ ಬಫರ್ ಎಷ್ಟಿದ್ರೂ ಚಿಂತೆ ಇಲ್ಲ.

ನಿಜವಾಗಿಯೂ ವಯಸ್ಸಿನದ್ದು ಅನ್ನಬಹುದಾದ್ದು ಬೇರೆ ಇದೆ. ವಯಸ್ಸಾಗ್ತಾ ಕಿವಿ ಮೊದಲು ಕಳೆದುಕೊಳ್ಳೋದು ಎತ್ತರದ ಫ್ರೀಕ್ವೆನ್ಸಿಗಳನ್ನು. ಮಾವನಿಗೆ ಟೋನ್ ಜನರೇಟರ್‌ನಿಂದ 12,000 ಹರ್ಟ್ಸ್ ಕೇಳಿಸಿದ್ರೆ "ಆನ್ ಮಾಡೋ" ಅಂದ್ರು. ಇದರ ಪರಿಣಾಮ ಏನಂದ್ರೆ, ತನಗೆ ಮಂಕಾಗಿ ಕೇಳ್ತಿದೆ ಅಂತ ಅವರು ಟ್ರೆಬಲ್ ಏರಿಸ್ತಾ ಹೋಗ್ತಾರೆ, ನಮಗೆ ಹಾಡಿನಲ್ಲಿರೋ ಪ್ರತಿಯೊಂದು ಸಕಾರ ಶಕಾರ ಸೂಜಿ ಚುಚ್ಚಿದಂಗೆ ಕೇಳುತ್ತೆ. ಪರಿಹಾರ ಸುಲಭ: ಗೊತ್ತಿರುವ ಒಂದು ಒಳ್ಳೇ ರೆಕಾರ್ಡಿಂಗನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ ನೋಡೋದು, ಸ್ಪೆಕ್ಟ್ರಮ್ ಅನಲೈಸರಿನ ಮೇಲೆ ಕಣ್ಣಿಡೋದು, ಮನೆಯ ಹುಡುಗರಿಗೆ ಒಂದು ಸಲ ಕೇಳಿಸೋದು. ಕಿವಿ ಮೇಲ್ಗಡೆ ಕಳೆದುಕೊಂಡಿದೆ ಅಂದಮಾತ್ರಕ್ಕೆ ಅದನ್ನು ಪೂರ್ತಿ ಅನುಮಾನಿಸಬಾರದು ಅನ್ನೋದಕ್ಕೆ ಮುಂದಿನ ಕಥೆ.

ಅಜ್ಜಿಯ ಕ್ಯಾಸೆಟ್

ಮಾವ ರೆಕಾರ್ಡಿಂಗಿಗೆ ವಾಪಸ್ ಬಂದದ್ದು ಸ್ಟಾರ್ ಆಗೋಕಲ್ಲ. 1993ರಲ್ಲಿ ಅಜ್ಜಿ ಹಾಡಿದ ಸಂಪ್ರದಾಯದ ಹಾಡುಗಳ ಒಂದು ಕ್ಯಾಸೆಟ್ ಇದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಇಂಥವು. ಪ್ರತಿ ಹಾಡಿಗೆ ಮೊದಲು ಮಾವ ಹಾರ್ಮೋನಿಯಂನಲ್ಲಿ ಷಡ್ಜ ಹಿಡಿದು ಕೊಡ್ತಾರೆ, ಅಜ್ಜಿ ಶುರು ಮಾಡ್ತಾರೆ, ಅಲ್ಲಿಂದಾಚೆ ಬರೀ ದನಿ. ಅದಕ್ಕೆ ಈಗ ಹಿಂದಿನಿಂದ ಹಾರ್ಮೋನಿಯಂ ಸೇರಿಸಬೇಕು ಅನ್ನೋದು ಮಾವನ ಆಸೆ. ನಾನು ಹುಟ್ಟೋ ಮೊದಲೇ ಅಜ್ಜಿ ಹೋಗಿಬಿಟ್ಟಿದ್ದರು. ನನಗೆ ಅವರ ದನಿ ಅಂದ್ರೆ ಈ ಕ್ಯಾಸೆಟ್ ಮಾತ್ರ.

ಹಳೇ ಡೆಕ್ಕಿನ ಬೆಲ್ಟು ಕರಗಿ ಅಂಟಾಗಿತ್ತು. ಹೊಸ ಬೆಲ್ಟ್ ಹಾಕಿಸಿ, ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, 24 ಬಿಟ್‌ನಲ್ಲಿ ಲ್ಯಾಪ್‌ಟಾಪಿಗೆ ಇಳಿಸಿದ್ವಿ. ಅಟ್ಟದಿಂದ ಇಳಿದ ಅದೇ ಹಾರ್ಮೋನಿಯಂ ಜೊತೆಗೆ ನುಡಿಸಿದ್ರೆ ಎರಡು ಸ್ವರ ಸೇರಲೇ ಇಲ್ಲ. 'ವಾವ್‌ವಾವ್‌ವಾವ್' ಅಂತ ನಡುಗೋ ಸದ್ದು. ಪಿಯುಸಿಯಲ್ಲಿ ಓದಿದ ಬೀಟ್ಸ್. ಜೊತೆಗೆ ಮಾವ ಇನ್ನೊಂದು ಮಾತು ಹೇಳಿದ್ರು: "ಅಮ್ಮನ ದನಿ ಇಷ್ಟು ತೆಳ್ಳಗಿರಲಿಲ್ಲ ಕಣೋ."

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಂದು ರೆಕಾರ್ಡರ್ ನಿಧಾನವಾಗಿ ಓಡಿದ್ರೂ, ಇಂದು ಡೆಕ್ ಬೇಗ ಓಡಿದ್ರೂ ಫಲ ಒಂದೇ, ದನಿ ಮೇಲೇರುತ್ತೆ. ಎಷ್ಟು ಏರಿದೆ ಅಂತ ಅಳೆಯೋಕೆ ಒಂದು ಅಳತೆಗೋಲು ಬೇಕು.

ಇಂಜಿನಿಯರಿಂಗ್ ಹುಡುಗರಿಗೆ ಮೊದಲು ಹೊಳೆಯೋದು ಕರೆಂಟಿನ ಹಮ್. ಟೂ-ಇನ್-ಒನ್ ಮೇನ್ಸ್‌ನಲ್ಲಿ ಓಡಿದ್ರೆ ಅದರ ಗುಂಯ್ ಸದ್ದು ಟೇಪಿನೊಳಗೂ ಸೇರಿರುತ್ತೆ. ಅದು 50 ಹರ್ಟ್ಸ್ ಇರಬೇಕಲ್ವಾ? 51.5 ಕಂಡ್ರೆ ಟೇಪು 3 ಪರ್ಸೆಂಟ್ ಬೇಗ ಓಡ್ತಿದೆ ಅಂತ ಅರ್ಥ. ಹಾಡಿನ ಮಧ್ಯದ ಮೌನದಲ್ಲಿ 10 ಸೆಕೆಂಡಿನ ತುಂಡು ತಗೊಂಡು ಎಫ್‌ಎಫ್‌ಟಿ ಹಾಕಿದ್ವಿ. 10 ಸೆಕೆಂಡೇ ಯಾಕೆ ಅಂದ್ರೆ, ಎಫ್‌ಎಫ್‌ಟಿಯ ಗೆರೆಗಳ ನಡುವಿನ ಅಂತರ ಅಂದ್ರೆ ತುಂಡಿನ ಉದ್ದದಿಂದ 1 ಅನ್ನು ಭಾಗಿಸಿದಷ್ಟು. 10 ಸೆಕೆಂಡಿಗೆ 0.1 ಹರ್ಟ್ಸ್, ನಮ್ಮ ಕೆಲಸಕ್ಕೆ ಸಾಕು. ಗೆರೆಗಳು ಕಂಡಿದ್ದು 50, 100, 150ರಲ್ಲಿ. ನೆಟ್ಟಗೆ. ಅಂದ್ರೆ ಟೇಪಿನ ವೇಗ ಸರಿ ಇದೆ!

ಇಲ್ಲಿ ಸ್ವಲ್ಪ ನಿಲ್ಲಿ. ಈ ಲೆಕ್ಕ ಯುರೋಪಿನ ಟೇಪಿಗೆ ಬಹುಮಟ್ಟಿಗೆ ನಡೆಯುತ್ತೆ. ನಮ್ಮ ದೇಶದ 1993ರ ಟೇಪಿಗೆ? ಜನರೇಟರುಗಳು ಕೊಡೋದಕ್ಕಿಂತ ಲೋಡ್ ಹೆಚ್ಚಾದ್ರೆ ಅವುಗಳ ರೋಟರ್ ನಿಧಾನ ಆಗುತ್ತೆ, ಗ್ರಿಡ್ಡಿನ ಫ್ರೀಕ್ವೆನ್ಸಿ ಕೆಳಗೆ ಬೀಳುತ್ತೆ. ಆ ಕಾಲದಲ್ಲಿ ವಿದ್ಯುತ್ ಕೊರತೆ ಎಷ್ಟಿತ್ತು ಅಂದ್ರೆ ದಕ್ಷಿಣದ ಗ್ರಿಡ್ ಸಂಜೆ ಹೊತ್ತು 50ಕ್ಕಿಂತ ಸಾಕಷ್ಟು ಕೆಳಗೆ ಓಡೋದು ಮಾಮೂಲಾಗಿತ್ತು. ಫ್ರೀಕ್ವೆನ್ಸಿ ಕಮ್ಮಿ ಇದ್ದಾಗ ಹೆಚ್ಚು ಕರೆಂಟ್ ಎಳೆದರೆ ಹೆಚ್ಚು ದುಡ್ಡು ಅನ್ನೋ ದರ ಪದ್ಧತಿ ದಕ್ಷಿಣಕ್ಕೆ ಬಂದಿದ್ದು 2003ರಲ್ಲಿ. ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಮ್ಮ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿಗೆ ಕೂಡಿಕೊಂಡಿದ್ದು 2013ರ ಡಿಸೆಂಬರ್ 31ರಂದು. ಈಗಿನ ಮಿತಿ 49.90ರಿಂದ 50.05. ಆಗ ಈ ಶಿಸ್ತು ಇರಲಿಲ್ಲ. ಮಾವನಿಗೂ ನೆನಪಿದೆ: ಏಳು ಗಂಟೆಗೆ ಕರೆಂಟು ಹೋಗುತ್ತೆ ಅಂತ ಅವಸರವಸರವಾಗಿ ರೆಕಾರ್ಡ್ ಮಾಡಿದ್ದು. ಲೋಡ್ ಶೆಡ್ಡಿಂಗಿಗೆ ಮುಂಚಿನ ಗಂಟೆ, ಅಂದ್ರೆ ಫ್ರೀಕ್ವೆನ್ಸಿ ಅತಿ ಕೆಳಗೆ ಇರಬಹುದಾದ ಗಂಟೆ. ಆ ಅಳತೆಗೋಲೇ ಕುಗ್ಗಿತ್ತು.

ಇನ್ನೊಂದು ಅಳತೆಗೋಲು ಮನೆಯಲ್ಲೇ ಇತ್ತು, ಹಾರ್ಮೋನಿಯಂ. ಅದರ ರೀಡು ಹಿತ್ತಾಳೆಯದು, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಅಜ್ಜಿಯ ಷಡ್ಜ 'ಬಿಳಿ ಆರು'. ಅದೇ ಕೀಯನ್ನು ಈಗ ಒಂದೇ ಸಮ ತಿದಿ ಒತ್ತಿ ನುಡಿಸಿ, 4 ಸೆಕೆಂಡಿನ ತುಂಡು ತಗೊಂಡು ಅಳೆದ್ರೆ 218.5 ಹರ್ಟ್ಸ್. ಟೇಪಿನಲ್ಲಿ 225. ಭಾಗಿಸಿದ್ರೆ 1.03. ಬೀಟ್ಸ್ ಸೆಕೆಂಡಿಗೆ 6.5 ಯಾಕೆ ಬರ್ತಿತ್ತು ಅನ್ನೋದಕ್ಕೂ ಇದೇ ಉತ್ತರ, 225ರಲ್ಲಿ 218.5 ಕಳೆಯಿರಿ.

ಮೂವತ್ತು ವರ್ಷದಲ್ಲಿ ರೀಡು ತಾನೇ ಇಳಿದಿರಬಹುದಲ್ವಾ ಅಂತ ನೀವು ಕೇಳಬೇಕು. ನಾವೂ ಕೇಳಿಕೊಂಡ್ವಿ. ಹಾಗಾಗಿ ಪಂಚಮ, ಮೇಲಿನ ಷಡ್ಜ ಎರಡನ್ನೂ ಅಳೆದ್ವಿ. ಮಾವ ಶ್ರುತಿ ಕೊಡುವಾಗ ಮೂರನ್ನೂ ಮುಟ್ಟಿದ್ದರು, ಪುಣ್ಯ. ರೀಡುಗಳು ಹಳತಾದ್ರೆ ಒಂದೊಂದೂ ಒಂದೊಂದು ಥರ ಹಾಳಾಗ್ತವೆ. ಇಲ್ಲಿ ಮೂರರಲ್ಲೂ ಅದೇ 1.03. ಮೂರು ರೀಡು ಮಾತಾಡಿಕೊಂಡು ಒಂದೇ ಅನುಪಾತದಲ್ಲಿ ಇಳಿಯೋಕೆ ಸಾಧ್ಯ ಇಲ್ಲ, ವೇಗದ ವ್ಯತ್ಯಾಸ ಮಾತ್ರ ಹಾಗೆ ಮಾಡುತ್ತೆ. ಸೆಂಟ್ಸ್ ಲೆಕ್ಕದಲ್ಲಿ ಇದು 51, ಅಂದ್ರೆ ಪಕ್ಕದ ಎರಡು ಕೀಗಳ ನಡುವಿನ ಅಂತರದ ಅರ್ಧ. ಹಾರ್ಮೋನಿಯಂನ ಯಾವ ಕೀಗೂ ಅಜ್ಜಿ ಸಿಗದೇ ಇದ್ದದ್ದು ಇದಕ್ಕೇ.

ಈಗ ಹಮ್ಮಿಗೆ ವಾಪಸ್ ಬನ್ನಿ. ಟೇಪಿನಲ್ಲಿ ಕಂಡ 50ನ್ನು 1.03ರಿಂದ ಭಾಗಿಸಿದ್ರೆ 48.5. ಆ ಸಂಜೆ ನಮ್ಮ ಬೀದಿಗೆ ಬರ್ತಿದ್ದ ಕರೆಂಟಿನ ಫ್ರೀಕ್ವೆನ್ಸಿ ಅದು. ಎರಡು ತಪ್ಪು ಸೇರಿ ಒಂದು ಚೆಂದದ 50 ಆಗಿ ಕೂತಿತ್ತು.

ಸರಿಪಡಿಸುವಾಗ 'ಪಿಚ್ ಶಿಫ್ಟ್' ಬಳಸಬೇಡಿ. ಅದು ಕಾಲವನ್ನು ಹಾಗೇ ಇಟ್ಟು ಸ್ವರವನ್ನಷ್ಟೇ ಎಳೆಯುತ್ತೆ, ದನಿಯ ಮೇಲೆ ತನ್ನ ಗುರುತು ಬಿಡುತ್ತೆ. ಇಲ್ಲಿ ಕೆಟ್ಟಿದ್ದು ವೇಗ, ಹಾಗಾಗಿ ವೇಗವನ್ನೇ ತಿದ್ದಬೇಕು. ಆಡಾಸಿಟಿಯಲ್ಲಿ ಸ್ವರ, ಕಾಲ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಇದೆ, ಉಚಿತವಾಗಿ. 4 ನಿಮಿಷದ ಹಾಡು 4 ನಿಮಿಷ 7 ಸೆಕೆಂಡ್ ಆಯ್ತು. ಮಾವ ಕಣ್ಣು ಮುಚ್ಚಿಕೊಂಡು ಅರ್ಧ ಹಾಡು ಕೇಳಿ, "ಹ್ಞಾಂ, ಇದು ಅಮ್ಮ" ಅಂದ್ರು. 12,000 ಹರ್ಟ್ಸ್ ಕೇಳದ ಕಿವಿ ಅದು.

ಆಟೋಟ್ಯೂನ್ ಹಾಕಿದ್ರೆ ಇನ್ನೂ ನೀಟಾಗುತ್ತೆ ಅಂತ ಒಬ್ಬ ಗೆಳೆಯ ಸಲಹೆ ಕೊಟ್ಟ. ನನ್ನ ಮಟ್ಟಿಗೆ ಅದು ಬೇಡ. ಯಂತ್ರದ ತಪ್ಪು ಬೇರೆ, ಅಜ್ಜಿಯ ಎಳೆತ ಬೇರೆ. ಎರಡನೇ ಸಾಲಿನ ಕೊನೆಯಲ್ಲಿ ಅವರು ಸ್ವಲ್ಪ ಕೆಳಗೆ ಜಾರ್ತಾರೆ, ಪ್ರತಿ ಸಲವೂ ಅಲ್ಲೇ. ಅದು ಹಾಡೇ ಹಾಗೆ.

ಹಮ್ ತೆಗೆಯೋರಿಗೆ ಒಂದು ಟಿಪ್. ವೇಗ ತಿದ್ದಿದ ಮೇಲೆ ಅದು 48.5, 97, 145.5ರಲ್ಲಿ ಕೂತಿರುತ್ತೆ, ಸಾಫ್ಟ್‌ವೇರಿನ ರೆಡಿಮೇಡ್ 50 ಹರ್ಟ್ಸ್ ಫಿಲ್ಟರಿಗೆ ಸಿಗಲ್ಲ. ಒಂದೋ ವೇಗ ತಿದ್ದೋ ಮೊದಲೇ ಅದನ್ನು ಹಾಕಿ, ಇಲ್ಲಾ ನಾಚ್ ಫಿಲ್ಟರಿಗೆ ಈ ಸಂಖ್ಯೆಗಳನ್ನು ನೀವೇ ಕೊಡಿ. ಮೂಲ ಫೈಲನ್ನು ಮಾತ್ರ ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡಿ, ಎರಡು ಕಡೆ ಕಾಪಿ ಮಾಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ನಮ್ಮದು ಈಗ ಮಾವನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ, ನಿಂತ ಭಂಗಿಯಲ್ಲಿದೆ. ಬಿ ಸೈಡ್ ಇನ್ನೂ ಇಳಿಸಬೇಕು.