ವಿಳಾಸಪಟ್ಟಿಯನ್ನು ಕಾಯುವ ಬಗೆ

ವಿಳಾಸದಲ್ಲಿ ಅಲ್ಪಸ್ವಲ್ಪ ತಪ್ಪಿದ್ದರೂ ಅಂಚೆಯವನು ನಾಲ್ವರನ್ನು ವಿಚಾರಿಸಿ ಪತ್ರವನ್ನು ತಲುಪಿಸಬಲ್ಲನು. ಯಂತ್ರಕ್ಕೆ ಈ ವಿವೇಚನೆಯಿಲ್ಲ. ಇದರಿಂದೊದಗುವ ತೊಡಕನ್ನೂ ಅದರ ಪರಿಹಾರವನ್ನೂ ಫಿಡೋನೆಟ್ ಎಂಬ ಹವ್ಯಾಸಿ ಕಂಪ್ಯೂಟರ್ ಜಾಲದ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು.

1984ರಲ್ಲಿ ಅಮೆರಿಕದ ಟಾಮ್ ಜೆನ್ನಿಂಗ್ಸ್ ಎಂಬುವರು ಈ ಜಾಲವನ್ನು ಆರಂಭಿಸಿದರು. ಹವ್ಯಾಸಿಗಳ ಕಂಪ್ಯೂಟರುಗಳು ಮೋಡೆಮ್ ಎಂಬ ಉಪಕರಣದ ಮೂಲಕ ಸಾಮಾನ್ಯ ದೂರವಾಣಿ ತಂತಿಗೆ ಸೇರಿರುತ್ತಿದ್ದವು. ಕರೆಯ ದರ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಒಂದು ಯಂತ್ರವು ಇನ್ನೊಂದಕ್ಕೆ ತಾನಾಗಿಯೇ ಕರೆಮಾಡಿ ಸಂದೇಶಗಳನ್ನು ಒಪ್ಪಿಸುತ್ತಿತ್ತು. ಪ್ರತಿಯೊಂದು ಕೇಂದ್ರದ ಕ್ರಮಾಂಕ, ಹೆಸರು, ಊರು, ದೂರವಾಣಿ ಸಂಖ್ಯೆ ಇವುಗಳನ್ನು ಒಳಗೊಂಡ ಪಟ್ಟಿಯೇ ನೋಡ್‌ಲಿಸ್ಟ್.

ಈ ಪಟ್ಟಿಯಲ್ಲಿ ಒಂದೇ ಒಂದು ಅಂಕೆ ತಪ್ಪಿತೆನ್ನೋಣ. ಆಗ ನಡುರಾತ್ರಿಯಲ್ಲಿ ಜಾಲದ ಸಂಬಂಧವೇ ಇಲ್ಲದ ಗೃಹಸ್ಥರ ಮನೆಯ ಗಂಟೆ ಮೊಳಗುವುದು, ಎತ್ತಿದರೆ ಮಾತನಾಡುವವರಿಲ್ಲ. ಉತ್ತರ ದೊರೆಯದ ಯಂತ್ರವು ಮತ್ತೆ ಮತ್ತೆ ಕರೆಯುವುದು. ಅದೇ ಪಟ್ಟಿಯನ್ನು ನಂಬಿದ ಇತರ ಯಂತ್ರಗಳೂ ಹಾಗೆಯೇ ಮಾಡುವುವು.

ಪಟ್ಟಿಯಲ್ಲಿ ತಪ್ಪು ನುಸುಳಲು ಎರಡು ದಾರಿಗಳುಂಟು. ಮೊದಲನೆಯದು ನಕಲಿನ ದೋಷ. ಪಟ್ಟಿಯನ್ನು ವಾರಕ್ಕೊಮ್ಮೆ ಪರಿಷ್ಕರಿಸುತ್ತಿದ್ದರು. ಇಡೀ ಪಟ್ಟಿಯ ಬದಲು ಆ ವಾರದ ವ್ಯತ್ಯಾಸಗಳನ್ನು ಮಾತ್ರ ಹಂಚಬಹುದಾಗಿತ್ತು. ‘ಇಷ್ಟು ಸಾಲು ಹಾಗೆಯೇ ಇರಲಿ, ಇಷ್ಟನ್ನು ಅಳಿಸು, ಇಷ್ಟನ್ನು ಸೇರಿಸು’ ಎಂಬುದೇ ಅದರ ಸ್ವರೂಪ. ನಡುವೆ ಒಂದು ವಾರ ತಪ್ಪಿದರೆ ಮುಂದಿನ ತಿದ್ದುಪಡಿ ಹೊಂದುವುದಿಲ್ಲ. ಆದುದರಿಂದ ಪಟ್ಟಿಯ ಮೊದಲ ಸಾಲಿನಲ್ಲಿ, ಉಳಿದ ಅಕ್ಷರಗಳೆಲ್ಲವನ್ನೂ ಲೆಕ್ಕಹಾಕಿ ಪಡೆದ ಒಂದು ತಾಳೆಸಂಖ್ಯೆಯನ್ನು ಬರೆದಿರುತ್ತಿದ್ದರು. ಪಡೆದವನ ಲೆಕ್ಕ ಅದಕ್ಕೆ ಹೊಂದದಿದ್ದರೆ ನಕಲು ಕೆಟ್ಟಿದೆಯೆಂದು ತಿಳಿಯುವುದು.

ಎರಡನೆಯದು ಸಂಗತಿಯ ದೋಷ. ಕೇಂದ್ರ ನಡೆಸುವವನು ಮನೆ ಬದಲಿಸಿರಬಹುದು, ಹವ್ಯಾಸವನ್ನೇ ಬಿಟ್ಟಿರಬಹುದು. ಆಗ ತಾಳೆಸಂಖ್ಯೆ ಸರಿಯಾಗಿಯೇ ಇರುವುದು, ದೂರವಾಣಿ ಸಂಖ್ಯೆ ಮಾತ್ರ ಸುಳ್ಳಾಗಿರುವುದು! ಇದನ್ನು ಯಾವ ಗಣಿತವೂ ಕಂಡುಹಿಡಿಯಲಾರದು. ಹತ್ತಿರದಲ್ಲಿರುವ ಮನುಷ್ಯನೇ ವಿಚಾರಿಸಬೇಕು. 1985ರಲ್ಲಿ ಫಿಡೋನೆಟ್ಟನ್ನು ಸ್ಥಳೀಯ ಉಪಜಾಲಗಳಾಗಿ ವಿಭಾಗಿಸಿದರು. ಒಂದೊಂದು ಉಪಜಾಲದ ಸಂಚಾಲಕನೂ ತನ್ನ ಪಾಲಿನ ಸಾಲುಗಳಿಗೆ ಹೊಣೆಯಾದನು.

1989ರ ನಿಯಮಾವಳಿ ಈ ಹೊಣೆಯನ್ನು ವಿವರಿಸಿತು. ಹೊಸಬನು ತನ್ನ ಅರ್ಜಿಯನ್ನು ಜಾಲದ ಮೂಲಕವೇ ಕಳುಹಿಸಬೇಕು. ಅರ್ಜಿ ತಲುಪಿದರೆ ಅವನ ಯಂತ್ರ ಕೆಲಸಮಾಡುತ್ತದೆಂಬುದಕ್ಕೆ ಅದೇ ಸಾಕ್ಷಿ. ಸಂಚಾಲಕನು ಆಗಾಗ ಪ್ರತಿಯೊಂದು ಕೇಂದ್ರಕ್ಕೂ ಸಂದೇಶ ಕಳುಹಿಸಿ ನೋಡಬೇಕು. ಸ್ಥಗಿತಗೊಂಡ ಕೇಂದ್ರವನ್ನು ‘ಡೌನ್’ ಎಂದು ಗುರುತಿಸಬಹುದು. ಆದರೆ ಎರಡು ವಾರಗಳಿಗಿಂತ ಹೆಚ್ಚು ಕಾಲ ಹಾಗೆ ಇಡಕೂಡದು, ಆ ಸಾಲನ್ನೇ ತೆಗೆದುಹಾಕಬೇಕು.

1990ರ ದಶಕದ ನಡುವಿನಲ್ಲಿ ಈ ಪಟ್ಟಿಯಲ್ಲಿ 30,000ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಇವುಗಳನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ಸಂಬಳವಿಲ್ಲದ ಹವ್ಯಾಸಿಗಳೇ. ನಕಲು ಶುದ್ಧವಾಗಿದೆಯೆಂಬುದೂ ಬರೆದದ್ದು ನಿಜವೆಂಬುದೂ ಬೇರೆ ಬೇರೆ ಮಾತುಗಳು. ಮೊದಲನೆಯದನ್ನು ಯಂತ್ರಕ್ಕೆ ವಹಿಸಬಹುದು. ಎರಡನೆಯದಕ್ಕೆ ಕೇಳಿ ತಿಳಿಯುವವನೊಬ್ಬನು ಬೇಕು.