“ಬಿಡು!”: ನಾಯಿಗೆ ಒಂದು ಪುಟ್ಟ ಪಾಠ



ಹಾರ್ಲೆಮರ್ಮೇರ್ಸ್ ಬೊಸ್ ಕಡೆ ಹೋದಾಗ ಬಾಯಲ್ಲಿ ಚೆಂಡು ಕಚ್ಚಿಕೊಂಡು ಓಡುವ ನಾಯಿಗಳನ್ನು ನೀವು ನೋಡಿರುತ್ತೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲೇ ನಾಯಿ ಇರಬಹುದು. ನಾಯಿಯ ಜೊತೆ ಆಟ ಶುರು ಮಾಡೋದು ಸುಲಭ, ಮುಗಿಸೋದು ಕಷ್ಟ! “ಸಾಕು, ಮನೆಗೆ ಹೋಗೋಣ” ಅಂದರೆ ಅದು ಚೆಂಡನ್ನು ಇನ್ನೂ ಗಟ್ಟಿಯಾಗಿ ಹಿಡಿದು ದೂರ ಓಡುತ್ತದೆ. ನೀವು ಹಿಂದೆ ಓಡಿದರೆ ಅದಕ್ಕೆ ಮತ್ತಷ್ಟು ಖುಷಿ. ಇದೂ ಒಂದು ಆಟ ಅಂದುಕೊಳ್ಳುತ್ತದೆ.

ನಾಯಿ ಯಾಕೆ ಬಿಡಲ್ಲ?

ನಾಯಿಯ ಕಡೆಯಿಂದ ಯೋಚಿಸಿ ನೋಡಿ. ಚೆಂಡು ಕೊಟ್ಟಾಗಲೆಲ್ಲ ಆಟ ನಿಂತುಹೋದರೆ ಅದು ಏನು ಕಲಿಯುತ್ತದೆ? “ಕೊಟ್ಟರೆ ಹೋಯ್ತು” ಅಂತ. ತಮ್ಮನ ಕೈಯಿಂದ ಆಟಿಕೆ ಕಿತ್ತುಕೊಂಡರೆ ಅವನು ಇನ್ನೂ ಬಿಗಿಯಾಗಿ ಹಿಡಿಯುವುದಿಲ್ಲವೇ? ನಾಯಿಗೂ ಅಷ್ಟೇ. ಆದ್ದರಿಂದ ನಾವು ಅದಕ್ಕೆ ಕಲಿಸಬೇಕಾದದ್ದು ಒಂದೇ ಮಾತು: ಕೊಟ್ಟರೆ ನಷ್ಟವಿಲ್ಲ, ಲಾಭವೇ ಇದೆ.

ನಮ್ಮ ಊರಿನ ಪಕ್ಕದ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ನಾಯಿಗಳ ಸಹಾಯದಿಂದ ಸಾಮಾನು ತಪಾಸಣೆ ಮಾಡುತ್ತಾರೆ. ಹೀಗೆ ವಾಸನೆ ಹಿಡಿದು ಹುಡುಕುವ ನಾಯಿಗಳಿಗೆ ಸಿಗುವ “ಸಂಬಳ” ಏನು ಗೊತ್ತಾ? ಹೆಚ್ಚಾಗಿ ಒಂದು ಆಟಿಕೆ! ಹುಡುಕಿದ್ದು ಸಿಕ್ಕಿತು ಅಂದರೆ ಸ್ವಲ್ಪ ಹೊತ್ತು ಆಟ. ಆಮೇಲೆ ಆಟಿಕೆ ಬಿಡಲೇಬೇಕು, ಇಲ್ಲದಿದ್ದರೆ ಮುಂದಿನ ಚೀಲ ನೋಡೋದು ಹೇಗೆ? ಬಿಟ್ಟರೆ ಮತ್ತೆ ಕೆಲಸ, ಮತ್ತೆ ಆಟ ಅಂತ ಆ ನಾಯಿಗೆ ಗೊತ್ತಿರುತ್ತದೆ.

ಕಲಿಸುವುದು ಹೇಗೆ?

(ದೊಡ್ಡವರೊಬ್ಬರು ಜೊತೆಗಿರಲಿ.)

1. ಮನೆಯೊಳಗೆ, ಗಲಾಟೆ ಇಲ್ಲದ ಹೊತ್ತಲ್ಲಿ ಶುರು ಮಾಡಿ. ನಾಯಿಗೆ ತುಂಬಾ ಇಷ್ಟವಾದ ಆಟಿಕೆ ಮೊದಲ ದಿನ ಬೇಡ.
2. ನಾಯಿ ಆಟಿಕೆ ಕಚ್ಚಿಕೊಂಡಾಗ ನೀವು ಎಳೆಯೋದನ್ನು ನಿಲ್ಲಿಸಿ. ಅಲುಗಾಡದ ಆಟಿಕೆಯಲ್ಲಿ ಮಜಾ ಕಡಿಮೆ.
3. ಒಂದು ಚೂರು ಚೀಸ್ ಅದರ ಮೂಗಿನ ಹತ್ತಿರ ಹಿಡಿಯಿರಿ. ಬಾಯಿ ತೆರೆದ ತಕ್ಷಣ “ಶಭಾಷ್!” ಅಂತ ಹೇಳಿ ಚೀಸ್ ಕೊಡಿ.
4. ಆಟಿಕೆಯನ್ನು ವಾಪಸ್ ಕೊಡಿ! ಇದೇ ಮುಖ್ಯವಾದ ಹೆಜ್ಜೆ. ಹತ್ತು ಸಲ ತೆಗೆದುಕೊಂಡರೆ ಒಂಬತ್ತು ಸಲ ವಾಪಸ್ ಕೊಡಿ.
5. ಕೆಲವು ದಿನಗಳಾದ ಮೇಲೆ ಮೊದಲು “ಬಿಡು” ಅನ್ನಿ, ಆಮೇಲೆ ಚೀಸ್ ತೋರಿಸಿ. ನಿಧಾನವಾಗಿ ಚೀಸ್ ಜೇಬಿನಲ್ಲೇ ಇರಲಿ, ಬಿಟ್ಟ ಮೇಲೆ ಹೊರಗೆ ಬರಲಿ.
6. ಆಟ ಮುಗಿಸುವಾಗ “ಆಟ ಮುಗೀತು” ಅಂತ ಹೇಳಿ, ನಾಲ್ಕೈದು ತಿಂಡಿ ಚೂರುಗಳನ್ನು ನೆಲದ ಮೇಲೆ ಹರಡಿ. ಅದು ಮೂಸಿ ಹುಡುಕಿ ತಿನ್ನುವಷ್ಟರಲ್ಲಿ ಆಟಿಕೆಯನ್ನು ಎತ್ತಿಡಿ.

ಬಾಯಿಗೆ ಕೈ ಹಾಕಿ ಎಳೆಯಬೇಡಿ. ನಾಯಿ ಗುರ್ ಅಂದರೆ ಬೈಯಬೇಡಿ. “ನನಗೆ ಭಯ ಆಗ್ತಿದೆ, ದೂರ ಇರು” ಅಂತ ಅದು ಹೇಳುವ ರೀತಿ ಅದು. ಅಲ್ಲಿಗೇ ನಿಲ್ಲಿಸಿ, ದೂರ ಸರಿದು ದೊಡ್ಡವರನ್ನು ಕರೆಯಿರಿ.

ಎಲ್ಲ ನಾಯಿಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಲ್ಯಾಬ್ರಡಾರ್‌ನಂಥ ತಳಿಯನ್ನು ಬೇಟೆಯ ಹಕ್ಕಿಯನ್ನು ತಂದು ಕೈಗೆ ಕೊಡಲೆಂದೇ ಬೆಳೆಸಿದರು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಡಿ ಬೇಟೆ ಹಿಡಿಯುವುದಕ್ಕೆ ಹೆಸರಾದದ್ದು. ಭಾರತದ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಅಂಥ ನಾಯಿಗೆ ಇನ್ನೂ ಸ್ವಲ್ಪ ತಾಳ್ಮೆ ಬೇಕಾಗಬಹುದು.

ಯಾವ ಪದ ಹೇಳಬೇಕು?

ಅಮ್ಮ “ಬಿಡು” ಅಂತಾರೆ, ಅಪ್ಪ “ಡ್ರಾಪ್” ಅಂತಾರೆ, ನೀವು ಡಚ್‌ನಲ್ಲಿ “ಲೊಸ್” ಅಂತೀರಿ. ಪಾಪ, ನಾಯಿ ಏನು ಮಾಡಬೇಕು? ಮನೆಯವರೆಲ್ಲ ಒಂದೇ ಪದ ಆರಿಸಿಕೊಳ್ಳಿ.

“ಬಿಡು” ಆರಿಸಿಕೊಂಡರೆ ಎರಡು ವಿಷಯ ನೆನಪಿಡಿ. “ಬಿಡು, ಬಿಡೋ, ಬಿಟ್ಬಿಡು, ಬಿಡ್ತೀಯೋ ಇಲ್ವೋ” ಎಲ್ಲವೂ ನಮಗೆ ಒಂದೇ ಕ್ರಿಯಾಪದದ ರೂಪಗಳು. ನಾಯಿಗೆ ವ್ಯಾಕರಣ ಗೊತ್ತಿಲ್ಲ, ಅದಕ್ಕೆ ಅವು ಬೇರೆ ಬೇರೆ ಸದ್ದುಗಳು. ಇನ್ನೊಂದು, ನಾವು ಮಾತಿನ ಮಧ್ಯೆ “ಹೋಗ್ಲಿ ಬಿಡು”, “ಇರಲಿ ಬಿಡು” ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀವಿ! ಅದಕ್ಕೇ ಮೊದಲು ನಾಯಿಯ ಹೆಸರು ಕರೆದು, ಅದು ನಿಮ್ಮನ್ನು ನೋಡಿದ ಮೇಲೆ “ಬಿಡು” ಅನ್ನಿ. ಊರಿಂದ ಅಜ್ಜಿ ತಾತ ಬಂದರೆ ಅವರಿಗೂ ಹೇಳಿಕೊಡಿ.

ಆಟಕ್ಕಷ್ಟೇ ಅಲ್ಲ

ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಸಂಜೆ ನಿಮ್ಮ ಹೆಸರಿನ ಚಾಕೊಲೇಟ್ ಅಕ್ಷರ ಮೇಜಿನ ಮೇಲಿರುತ್ತದೆ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿ, ಅಡುಗೆಮನೆಯಲ್ಲಿ ಈರುಳ್ಳಿ. ಈ ಮೂರೂ ನಾಯಿಗೆ ವಿಷ. ಅದು ಕಚ್ಚಿಕೊಂಡದ್ದನ್ನು ಒಂದು ಮಾತಿಗೆ ಬಿಟ್ಟರೆ ಅದರ ಜೀವವೇ ಉಳಿಯಬಹುದು. ನುಂಗಿಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿಸಿ. ಚೆಂಡಿನ ಆಟದಲ್ಲಿ ಕಲಿತ ಪಾಠ ಕೆಲಸಕ್ಕೆ ಬರುವುದು ಇಂಥ ದಿನವೇ.

ಅಭ್ಯಾಸ

1. ಆಟಿಕೆಯನ್ನು ನಾಯಿಗೆ ವಾಪಸ್ ಕೊಡಬೇಕು, ಯಾಕೆ?
2. “ಬಿಡು” ಪದವನ್ನು ಮೂರು ಬೇರೆ ಅರ್ಥ ಬರುವಂತೆ ವಾಕ್ಯಗಳಲ್ಲಿ ಬಳಸಿ.
3. ನಿಮ್ಮ ಮನೆಯ ನಾಯಿಗೆ (ಇಲ್ಲದಿದ್ದರೆ ಪಕ್ಕದ ಮನೆಯದಕ್ಕೆ) ಯಾವ ಭಾಷೆಯಲ್ಲಿ ಯಾವ ಮಾತು ಗೊತ್ತು? ಕೇಳಿ ಪಟ್ಟಿ ಮಾಡಿ, ತರಗತಿಗೆ ತನ್ನಿ.