ಬೆಕ್ಕಿನ ಕಜ್ಜಿ: ಗುರುತಿಸುವುದು ಹೇಗೆ? ವಾಸಿ ಮಾಡುವುದು ಹೇಗೆ?

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಕಡ್ಲೆಕಾಯಿ, ರಾಗಿ ಚೀಲ ಇಟ್ಟಿರೋ ಮನೆಗೆ ಬೆಕ್ಕು ಬೇಕೇ ಬೇಕು. ಇಲ್ಲದಿದ್ದರೆ ಇಲಿಗಳದೇ ರಾಜ್ಯ. ಆದರೆ ಅದೇ ಬೆಕ್ಕಿಗೆ ಕಜ್ಜಿ ಹತ್ತಿದರೆ ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುತ್ತಾರೆ. ಈ ಕಾಯಿಲೆ ವಾಸಿಯಾಗುತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.

ಕಾರಣ: ಇದು ನುಸಿಯಿಂದ ಬರುವ ರೋಗ. ತೆಂಗಿನಕಾಯಿಗೆ ಬರೋ ನುಸಿ ನಿಮಗೆ ಗೊತ್ತು. ಬೆಕ್ಕಿನದು ಬೇರೆ ಜಾತಿ, ಹೆಸರು ನೋಟೋಎಡ್ರಿಸ್ ಕ್ಯಾಟಿ. ಇದಕ್ಕೆ ಎಂಟು ಕಾಲು, ಜೇಡ ಮತ್ತು ಉಣ್ಣೆಗಳ ನೆಂಟ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಒಂದು ಬೆಕ್ಕು ಇನ್ನೊಂದಕ್ಕೆ ಮೈ ತಾಗಿಸಿದರೆ ಹರಡುತ್ತದೆ.

ಗುರುತುಗಳು:
1) ಮೊದಲು ಕಿವಿಯ ಅಂಚಿನಲ್ಲಿ ಹೊಟ್ಟು, ಹಕ್ಕಳೆ ಕಾಣುತ್ತದೆ.
2) ಆಮೇಲೆ ಮುಖ, ಕಣ್ಣಿನ ಸುತ್ತ, ಕುತ್ತಿಗೆ, ಪಂಜಕ್ಕೆ ಬರುತ್ತದೆ. ಚರ್ಮ ದಪ್ಪವಾಗಿ ಸುಕ್ಕುಗಟ್ಟುತ್ತದೆ.
3) ಬೆಕ್ಕು ಒಂದೇ ಸಮ ಕೆರ್ಕೊಳ್ಳುತ್ತೆ, ಬಡಕಲಾಗುತ್ತೆ.
ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಗುಗ್ಗೆ ಇದ್ದರೆ ಅದು ಕಿವಿಯ ನುಸಿ ಇರಬಹುದು. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು, ಅದು ಶಿಲೀಂಧ್ರ. ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವುದೆಂದು ಹೇಳುತ್ತಾರೆ.

ಮಾಡಬಾರದ್ದು: ಹೋದ ವರ್ಷ ನಮ್ಮ ಮನೆ ಬೆಕ್ಕಿಗೆ ಟ್ರ್ಯಾಕ್ಟರಿನ ಹಳೇ ಆಯಿಲ್ ಹಚ್ಚಿದೆವು. ಅದು ಮೈಯೆಲ್ಲ ನೆಕ್ಕಿಕೊಂಡು, ಜೊಲ್ಲು ಸುರಿಸಿ, ಮೂರನೇ ದಿನ ಸತ್ತುಹೋಯಿತು. ಕಜ್ಜಿಯಿಂದ ಅಲ್ಲ, ನಾವು ಹಚ್ಚಿದ್ದರಿಂದ. ಬೆಕ್ಕಿಗೆ ಮೈಮೇಲೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಹಚ್ಚಲೇಬೇಡಿ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಚಿಕಿತ್ಸೆ: ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನು ತೂಕ ಮಾಡಿ ಐವರ್‌ಮೆಕ್ಟಿನ್ ಸೂಜಿ ಹಾಕುತ್ತಾರೆ. ಇದು ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಔಷಧಿ. ಅದಕ್ಕಾಗಿ ಸತೋಶಿ ಓಮುರಾ, ವಿಲಿಯಂ ಕ್ಯಾಂಪ್‌ಬೆಲ್ ಇವರಿಗೆ 2015ರಲ್ಲಿ ನೊಬೆಲ್ ಬಂತು. ಕುರಿಗೂ ಇದನ್ನೇ ಕೊಡುತ್ತಾರೆ. ಹಾಗಂತ ಕುರಿ ಔಷಧಿಯನ್ನು ಅಂದಾಜಿನಲ್ಲಿ ಬೆಕ್ಕಿಗೆ ಕೊಡಬಾರದು. ಬೆಕ್ಕು ಎಷ್ಟು ತೂಕ, ಕುರಿ ಎಷ್ಟು ತೂಕ! ಮೊಟ್ಟೆ ಒಡೆದು ಹೊಸ ನುಸಿ ಬರುವುದರಿಂದ ಡಾಕ್ಟರು ಹೇಳಿದ ದಿನ ಎರಡನೇ ಸಲವೂ ಕರಕೊಂಡು ಹೋಗಬೇಕು. ಮನೆಯ ಎಲ್ಲಾ ಬೆಕ್ಕುಗಳಿಗೂ ಒಟ್ಟಿಗೇ ಕೊಡಿಸಬೇಕು. ಮಲಗುವ ಗೋಣಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಎತ್ತಿಕೊಂಡವರ ಕೈಗೂ ತುರಿಕೆ ಬರಬಹುದು. ಬೆಕ್ಕು ವಾಸಿಯಾದರೆ ಅದೂ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಬೆಕ್ಕು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಈಗ ನಮ್ಮನೇಲಿರೋ ಮರಿಗೂ ಕಿವಿ ತುದಿಗೆ ಕಜ್ಜಿ ಬಂದಿತ್ತು. ಈ ಸಲ ಬುಟ್ಟಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಎರಡು ಸೂಜಿ ಆದ ಮೇಲೆ ಕೂದಲು ಬಂದಿದೆ, ಇಲಿಯನ್ನೂ ಹಿಡೀತಾ ಇದೆ. ಕಜ್ಜಿ ಬೆಕ್ಕನ್ನು ಊರಾಚೆ ಬಿಟ್ಟರೆ ಕಜ್ಜಿ ಹೋಗುವುದಿಲ್ಲ, ಅಲ್ಲಿನ ಬೆಕ್ಕಿಗೂ ಹತ್ತುತ್ತೆ. ಇದನ್ನು ಓದಿದವರು ಇವತ್ತೇ ನಿಮ್ಮ ಬೆಕ್ಕಿನ ಕಿವಿ ತುದಿ ನೋಡಿ.

— ಏಳನೇ ತರಗತಿ